ಕ್ರೌರ್ಯ ರುಜುವಾತಾಯಿತು, ಅರ್ಜಿ ವಜಾ ಆಯಿತು: ದಾಸ್ತಾನೆ ಪ್ರಕರಣದ ಒಂದು ಅಧ್ಯಯನ

ಹಿಂದೂ ವಿವಾಹ ಕಾಯ್ದೆಯಡಿ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೋರಿದ ಅರ್ಜಿಯ ವಾದ, ಅದು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲೇ ಇರಲಿ, ತಾಲ್ಲೂಕು ಕೇಂದ್ರದ ಹಿರಿಯ ಸಿವಿಲ್ ನ್ಯಾಯಾಲಯದಲ್ಲೇ ಇರಲಿ, ಸುಪ್ರೀಂ ಕೋರ್ಟ್ 1975ರ ಮಾರ್ಚ್ 19ರಂದು ನೀಡಿದ ಒಂದು ತೀರ್ಪಿನ ಪ್ರಸ್ತಾಪವಿಲ್ಲದೆ ಮುಗಿಯುವುದು ಅಪರೂಪ. ದಾಸ್ತಾನೆ ವಿರುದ್ಧ ದಾಸ್ತಾನೆ ಎಂಬ ಆ ತೀರ್ಪನ್ನು ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದರು, ಪೀಠದಲ್ಲಿ ಅವರೊಂದಿಗೆ ಪಿ.ಕೆ. ಗೋಸ್ವಾಮಿ ಮತ್ತು ಎನ್.ಎಲ್. ಊಂಟ್ವಾಲಿಯಾ ಇದ್ದರು. ವೈವಾಹಿಕ ವ್ಯಾಜ್ಯದಲ್ಲಿ ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕಾಗಿಲ್ಲ, ಸಂಭವನೀಯತೆಯ ತೂಕ ಯಾವ ಕಡೆಗೆ ಹೆಚ್ಚಿದೆ ಎಂದು ನೋಡಿದರೆ ಸಾಕು ಎಂಬ ಮಾತಿಗಾಗಿ ಮತ್ತು ಮಾನಸಿಕ ಹಿಂಸೆಯೂ ಕ್ರೌರ್ಯವೇ ಎಂಬ ಮಾತಿಗಾಗಿ ಅರ್ಜಿದಾರರ ಪರ ವಕೀಲರು ಈ ತೀರ್ಪನ್ನು ಮುಂದಿಡುತ್ತಾರೆ. ಆದರೆ ಆ ಎರಡೂ ಮಾತುಗಳಲ್ಲಿ ಗೆದ್ದ ಅರ್ಜಿದಾರ ಕೊನೆಗೆ ಸೋತ ಎಂಬ ಸಂಗತಿ ಉಲ್ಲೇಖಗಳ ನಡುವೆ ಮರೆಯಾಗುತ್ತದೆ. ಹೆಂಡತಿಯ ನಡತೆ ಕ್ರೌರ್ಯವೇ ಹೌದೆಂದು ಒಪ್ಪಿದ ಅದೇ ನ್ಯಾಯಾಲಯ ಗಂಡನ ಮೇಲ್ಮನವಿಯನ್ನು ವಜಾ ಮಾಡಿತು. ಹೀಗೇಕಾಯಿತು ಎಂಬುದನ್ನು ವಿವರವಾಗಿ ನೋಡುವುದು ಈ ಅಧ್ಯಯನದ ಉದ್ದೇಶ.

ಪ್ರಕರಣದ ಸಂಗತಿಗಳು ಮದುವೆಗೂ ಮುಂಚಿನ ಎರಡು ಪತ್ರಗಳಿಂದ ಶುರುವಾಗುತ್ತವೆ. 1956ರ ಏಪ್ರಿಲ್ 25 ಮತ್ತು 26ರಂದು ವಧುವಿನ ತಂದೆ ವರನ ತಂದೆಗೆ ಬರೆದ ಪತ್ರಗಳವು. 1954ರ ಬೇಸಿಗೆಯಲ್ಲಿ ಮಗಳಿಗೆ ಬಿಸಿಲಿನ ಹೊಡೆತ ತಗುಲಿ ಕೆಲಕಾಲ ಮನಸ್ಸಿನ ಸ್ಥಿತಿ ಏರುಪೇರಾಗಿತ್ತು ಎಂದು ಮೊದಲನೆಯ ಪತ್ರ ಹೇಳಿತ್ತು. ಎರಡನೆಯದು ಅದಕ್ಕೆ ಮಿದುಳಿನ ಮಲೇರಿಯಾದ ಕಾರಣವನ್ನೂ ಸೇರಿಸಿತ್ತು. ಪುಣೆಯ ಯರವಡಾ ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿದ್ದಾಳೆ, ಬೇಕಿದ್ದರೆ ಅಲ್ಲಿಯ ವೈದ್ಯರನ್ನೋ ಕುಟುಂಬಕ್ಕೆ ಪರಿಚಿತರಾದ ಇನ್ನೊಬ್ಬ ವೈದ್ಯರನ್ನೋ ವಿಚಾರಿಸಿಕೊಳ್ಳಿ ಎಂದು ತಂದೆ ಬರೆದಿದ್ದರು. ಪರಿಚಿತ ವೈದ್ಯರ ಮಾತಿನಿಂದಲೇ ಸಮಾಧಾನವಾದ ವರನ ಕಡೆಯವರು ಆಸ್ಪತ್ರೆಯಲ್ಲಿ ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಅದೇ ವರ್ಷ ಮೇ 13ರಂದು ಪುಣೆಯಲ್ಲಿ ಮದುವೆಯಾಯಿತು. ವರ ಕೃಷಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವೀಧರ, ವಯಸ್ಸು 27. ವಧು ದೆಹಲಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಪದವಿ ಪಡೆದಾಕೆ, ವಯಸ್ಸು 21. ಸಂಸಾರ ಮೊದಲು ಹೂಡಿದ್ದು ಆಗ ಮುಂಬಯಿ ರಾಜ್ಯಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಯ ಅರಭಾವಿಯಲ್ಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿದ್ದ ದಂಪತಿ, ನವೆಂಬರ್ 1ರಂದು ಗಂಡನಿಗೆ ವರ್ಗವಾಗಿ ಪುಣೆಗೆ ಹೋದರು. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯದೊಳಕ್ಕೆ ಬಂದದ್ದೂ ಅದೇ ದಿನ. ಇದು ಕಾಕತಾಳೀಯವೇ ಹೊರತು ವ್ಯಾಜ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

1957ರ ಮಾರ್ಚ್‌ನಲ್ಲಿ ಮೊದಲ ಮಗಳು, 1959ರ ಮಾರ್ಚ್‌ನಲ್ಲಿ ಎರಡನೆಯ ಮಗಳು ಹುಟ್ಟಿದರು. ಈ ನಡುವೆ ಗಂಡನ ಕೆಲಸ ದೆಹಲಿಗೆ ಬದಲಾಗಿತ್ತು. 1961ರ ಜನವರಿಯಲ್ಲಿ ಮೈದುನನ ಮದುವೆಗೆಂದು ಹೆಂಡತಿ ಪುಣೆಗೆ ಬಂದಳು, ಹಿಂದಿನಿಂದ ಗಂಡನೂ ಬಂದ. ಮದುವೆಯ ಗದ್ದಲ ಮುಗಿದ ಮೇಲೆ, ಫೆಬ್ರವರಿ 27ರಂದು, ಗಂಡ ಹೆಂಡತಿಯನ್ನು ಯರವಡಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ದ. ರೋಗನಿರ್ಣಯಕ್ಕೆ ಬೇಕಾದಷ್ಟು ಮಾಹಿತಿ ಇಲ್ಲ, ಆಕೆಯೊಬ್ಬಳೊಂದಿಗೇ ಕೆಲವು ಬಾರಿ ಕುಳಿತು ಮಾತಾಡಬೇಕು ಎಂದು ವೈದ್ಯರು ಸೂಚಿಸಿದರು. ಆಕೆ ಅದಕ್ಕೆ ಸಿದ್ಧಳಿರಲಿಲ್ಲ. ತಾನು ಬುದ್ಧಿಸ್ತಿಮಿತವಿಲ್ಲದವಳೆಂದು ತೋರಿಸಲು ಗಂಡ ದಾಖಲೆ ಕೂಡಿಸುತ್ತಿದ್ದಾನೆ, ಇದು ತನಗಾಗಿ ಒಡ್ಡಿದ ಬಲೆ ಎಂಬುದು ಆಕೆಯ ನಂಬಿಕೆಯಾಗಿತ್ತು. ಅಂದು ಸಂಜೆ ಅವಳು ಬಟ್ಟೆಬರೆ ಕಟ್ಟಿಕೊಂಡಳು. ಗಂಡನೇ ಅವಳನ್ನು ಪುಣೆಯಲ್ಲಿದ್ದ ಅವಳ ನೆಂಟರ ಮನೆಗೆ ಮುಟ್ಟಿಸಿ ಬಂದ. ಅವರಿಬ್ಬರೂ ಗಂಡಹೆಂಡಿರಾಗಿ ಒಂದೇ ಸೂರಿನಡಿ ಇದ್ದದ್ದು ಅದೇ ಕೊನೆ. ಆಗ ಅವಳು ಮೂರು ತಿಂಗಳ ಗರ್ಭಿಣಿ. ಈ ಒಂದು ಸಂಗತಿ ಹದಿನಾಲ್ಕು ವರ್ಷಗಳ ನಂತರ ಇಡೀ ಪ್ರಕರಣದ ದಿಕ್ಕನ್ನೇ ನಿರ್ಧರಿಸಿತು.

ಆಮೇಲಿನದು ದೂರು ಮತ್ತು ಪ್ರತಿದೂರುಗಳ ಕಥೆ, ಅದನ್ನು ಬೇಗ ಹೇಳಿ ಮುಗಿಸಬಹುದು. ಮಾರ್ಚ್ 15ರಂದು ಗಂಡ, ಹೆಂಡತಿಯ ಕಡೆಯವರಿಂದ ತನಗೆ ಜೀವಭಯವಿದೆಯೆಂದು ಪೊಲೀಸರಿಗೆ ಬರೆದು ರಕ್ಷಣೆ ಕೇಳಿದ. ಮೇ 19ರಂದು ಹೆಂಡತಿ, ಗಂಡ ತನ್ನನ್ನು ತೊರೆದಿದ್ದಾನೆ, ಕ್ರೂರವಾಗಿ ನಡೆಸಿಕೊಂಡಿದ್ದಾನೆ, ತನಗೆ ಪ್ರತ್ಯೇಕ ಜೀವನಾಂಶದ ಏರ್ಪಾಟು ಮಾಡಬೇಕು ಎಂದು ಕೇಂದ್ರ ಆಹಾರ ಮತ್ತು ಕೃಷಿ ಸಚಿವಾಲಯದ ಕಾರ್ಯದರ್ಶಿಗೆ ಪತ್ರ ಬರೆದಳು. ಆಗಸ್ಟ್ 19ರಂದು ಮೂರನೆಯ ಮಗಳು ಹುಟ್ಟಿದಳು. ಮಗುವಿನ ನಾಮಕರಣಕ್ಕೆ ತನ್ನನ್ನು ಸರಿಯಾಗಿ ಕರೆಯಲೂ ಇಲ್ಲವೆಂದು ಗಂಡ ನವೆಂಬರ್‌ನಲ್ಲಿ ಮಾವನಿಗೆ ಬರೆದ. ಡಿಸೆಂಬರ್‌ನಲ್ಲಿ, ಕೋರ್ಟಿಗೆ ಹೋಗುವುದಾಗಿ ತಿಳಿಸಿದ. 1962ರ ಫೆಬ್ರವರಿ 19ರಂದು ಪುಣೆಯ ಸಿವಿಲ್ ನ್ಯಾಯಾಲಯದಲ್ಲಿ ಅರ್ಜಿ ದಾಖಲಾಯಿತು.

ಅರ್ಜಿಯಲ್ಲಿ ಒಂದಕ್ಕೊಂದು ಪರ್ಯಾಯವಾಗಿ ಮೂರು ಪರಿಹಾರಗಳನ್ನು ಕೇಳಲಾಗಿತ್ತು. ಮೊದಲನೆಯದು, ಹೆಂಡತಿಯ ಹಿಂದಿನ ಕಾಯಿಲೆಯ ವಿಷಯದಲ್ಲಿ ಮೋಸಮಾಡಿ ಒಪ್ಪಿಗೆ ಪಡೆಯಲಾಗಿದೆ, ಆದ್ದರಿಂದ ಮದುವೆಯನ್ನೇ ರದ್ದುಗೊಳಿಸಬೇಕು ಎಂಬುದು. ಎರಡನೆಯದು, ಆಕೆ ವಾಸಿಯಾಗದ ಬುದ್ಧಿವಿಕಲತೆಗೆ ಒಳಗಾಗಿದ್ದಾಳೆ, ಆದ್ದರಿಂದ ವಿಚ್ಛೇದನ ಕೊಡಬೇಕು ಎಂಬುದು. ಮೂರನೆಯದು, ಆಕೆಯ ಕ್ರೌರ್ಯದ ಕಾರಣಕ್ಕೆ ನ್ಯಾಯಾಲಯದ ಆದೇಶದ ಮೂಲಕ ಪ್ರತ್ಯೇಕವಾಸಕ್ಕೆ ಅನುಮತಿ ನೀಡಬೇಕು ಎಂಬುದು. ಕ್ರೌರ್ಯಕ್ಕೆ ವಿಚ್ಛೇದನವನ್ನೇ ಏಕೆ ಕೇಳಲಿಲ್ಲ ಎಂದು ಇಂದಿನ ಓದುಗರಿಗೆ ಅನ್ನಿಸುವುದು ಸಹಜ. 1955ರ ಕಾಯ್ದೆ ಜಾರಿಗೆ ಬಂದಾಗ ಅದರ 13ನೇ ಕಲಮಿನ ವಿಚ್ಛೇದನದ ಕಾರಣಗಳಲ್ಲಿ ಕ್ರೌರ್ಯ ಇರಲೇ ಇಲ್ಲ. 10ನೇ ಕಲಮಿನ ಪ್ರತ್ಯೇಕವಾಸಕ್ಕೆ ಮಾತ್ರ ಅದು ಕಾರಣವಾಗುತ್ತಿತ್ತು. ಅದೂ, ಸಂಗಾತಿಯೊಂದಿಗೆ ಬಾಳುವುದು ತನಗೆ ಹಾನಿಕರ ಅಥವಾ ಅಪಾಯಕರ ಎಂಬ ಸಕಾರಣವಾದ ಭೀತಿ ಅರ್ಜಿದಾರನ ಮನಸ್ಸಿನಲ್ಲಿ ಮೂಡುವಷ್ಟು ಕ್ರೌರ್ಯ ನಡೆದಿದ್ದರೆ. ಹಾಗೆಂದು ಆ ಪರಿಹಾರ ಕೈಗೆ ಹತ್ತದಷ್ಟು ಚಿಕ್ಕದೂ ಆಗಿರಲಿಲ್ಲ. ಪ್ರತ್ಯೇಕವಾಸದ ಡಿಕ್ರಿ ಸಿಕ್ಕ ಮೇಲೆ ನಿಗದಿತ ಅವಧಿಯವರೆಗೆ ದಂಪತಿ ಮತ್ತೆ ಒಂದಾಗದಿದ್ದರೆ ಅದನ್ನೇ ಕಾರಣವಾಗಿ ತೋರಿಸಿ ವಿಚ್ಛೇದನ ಪಡೆಯಲು ಕಾಯ್ದೆ ದಾರಿ ಬಿಟ್ಟಿತ್ತು. 1975ರಲ್ಲಿ ಆ ಅವಧಿ ಎರಡು ವರ್ಷವಿತ್ತು. ಹೀಗಾಗಿ ಪ್ರತ್ಯೇಕವಾಸಕ್ಕಾಗಿ ಸುಪ್ರೀಂ ಕೋರ್ಟಿನವರೆಗೂ ನಡೆದ ಹೋರಾಟ ಹೊರನೋಟಕ್ಕೆ ಕಂಡಷ್ಟು ನಿರರ್ಥಕವಾಗಿರಲಿಲ್ಲ.

ವಿಚಾರಣಾ ನ್ಯಾಯಾಲಯ ಮೋಸದ ಆರೋಪವನ್ನೂ ಬುದ್ಧಿವಿಕಲತೆಯ ಆರೋಪವನ್ನೂ ತಳ್ಳಿಹಾಕಿತು, ಕ್ರೌರ್ಯವನ್ನು ಒಪ್ಪಿ ಪ್ರತ್ಯೇಕವಾಸದ ಡಿಕ್ರಿ ಕೊಟ್ಟಿತು. ಇಬ್ಬರೂ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಗಂಡನ ಮೇಲ್ಮನವಿ ಬಿದ್ದುಹೋಯಿತು, ಹೆಂಡತಿಯದು ಎತ್ತಿಹಿಡಿಯಲ್ಪಟ್ಟಿತು. ಗಂಡ ಸಲ್ಲಿಸಿದ ಎರಡನೇ ಮೇಲ್ಮನವಿಯನ್ನು ಬಾಂಬೆ ಹೈಕೋರ್ಟ್ 1969ರ ಫೆಬ್ರವರಿ 24ರಂದು ವಜಾ ಮಾಡಿತು. ಸುಪ್ರೀಂ ಕೋರ್ಟ್ ವಿಶೇಷ ಅನುಮತಿ ಕೊಟ್ಟದ್ದು ಕ್ರೌರ್ಯ ಮತ್ತು ಪ್ರತ್ಯೇಕವಾಸದ ಪ್ರಶ್ನೆಗೆ ಮಾತ್ರ. ಬುದ್ಧಿವಿಕಲತೆಯ ಆರೋಪ ಒಂದು ನ್ಯಾಯಾಲಯದಲ್ಲೂ ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಒಮ್ಮೆ ಮಾನಸಿಕ ಆಸ್ಪತ್ರೆಯ ಹೊಸ್ತಿಲು ತುಳಿದವಳ ಕೋಪ, ಹಠ, ಅಳು ಎಲ್ಲವೂ ಕಾಯಿಲೆಯ ಲಕ್ಷಣವಾಗಿಯೇ ಕಾಣತೊಡಗುತ್ತವೆ. ಇದೇ ಹೆಂಗಸು ಸಂಸಾರ ಒಡೆದ ಮೇಲೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದಳು, ಸರ್ಕಾರಿ ಕೆಲಸಕ್ಕೆ ಸೇರಿದಳು. ಅವಳು ಕ್ಷೇತ್ರಕಾರ್ಯ ಮಾಡಿದ ವಿಷಯಗಳಲ್ಲಿ ದಂಪತಿಗಳ ನಡುವಿನ ರಾಜಿಸಂಧಾನವೂ ಒಂದಾಗಿತ್ತು.

ಸುಪ್ರೀಂ ಕೋರ್ಟ್ ಮೊದಲು ಕೈಗೆತ್ತಿಕೊಂಡದ್ದು ರುಜುವಾತಿನ ಮಟ್ಟವನ್ನು. ಹೈಕೋರ್ಟ್ ಕ್ರಿಮಿನಲ್ ಮೊಕದ್ದಮೆಯ ಅಳತೆಗೋಲನ್ನು ಹಿಡಿದು, ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕೆಂದು ಭಾವಿಸಿತ್ತು. ಅದು ತಪ್ಪೆಂದು ತೀರ್ಪು ಸ್ಪಷ್ಟವಾಗಿ ಹೇಳಿತು. ಆಗಿನ ಸಾಕ್ಷ್ಯ ಕಾಯ್ದೆಯ ವ್ಯಾಖ್ಯೆಯ ಪ್ರಕಾರ, ಒಂದು ಸಂಗತಿ ಇದೆಯೆಂದು ನಂಬಿ ವಿವೇಕಿಯಾದ ಮನುಷ್ಯ ತನ್ನ ವ್ಯವಹಾರ ನಡೆಸುವಷ್ಟು ಅದು ಸಂಭವನೀಯವಾಗಿದ್ದರೆ ಅದು ಸಾಬೀತಾದಂತೆಯೇ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಕೇಳುವ ‘ಮನವರಿಕೆ’ಯೂ ಇಷ್ಟೇ ಮಟ್ಟದ್ದು. ಗಂಡಹೆಂಡಿರ ನಡುವೆ ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಹೊರಗಿನ ಸಾಕ್ಷಿ ಸಿಗುವುದೇ ಕಷ್ಟವಾದ್ದರಿಂದ, ಈ ಒಂದು ತೀರ್ಮಾನ ಮುಂದಿನ ಅರ್ಜಿದಾರರಿಗೆ, ಅವರಲ್ಲೂ ಮುಖ್ಯವಾಗಿ ಹೊಡೆತ ಬಡಿತಗಳ ಗುರುತು ತೋರಿಸಲಾಗದ ಹೆಂಗಸರಿಗೆ, ಎಷ್ಟು ನೆರವಾಯಿತೆಂದು ಹೇಳಿ ತೀರದು. ಸಾಮಾನ್ಯವಾಗಿ ಇಂಥ ತಪ್ಪು ಕಂಡಾಗ ಪ್ರಕರಣವನ್ನು ಹೈಕೋರ್ಟಿಗೆ ಹಿಂದಿರುಗಿಸುವುದು ವಾಡಿಕೆ. ಆದರೆ ಅರ್ಜಿ ದಾಖಲಾಗಿ ಆಗಲೇ ಹದಿಮೂರು ವರ್ಷ ಕಳೆದಿತ್ತು. ಆದ್ದರಿಂದ ಸಾಕ್ಷ್ಯವನ್ನೆಲ್ಲ ತಾನೇ ತೂಗಿ ನೋಡಲು ನ್ಯಾಯಾಲಯ ನಿರ್ಧರಿಸಿತು.

ಕ್ರೌರ್ಯದ ಅಳತೆಯ ವಿಷಯದಲ್ಲೂ ತೀರ್ಪು ಇಂಗ್ಲೆಂಡಿನ ಹಳೆಯ ದಾರಿಯನ್ನು ಬಿಟ್ಟಿತು. ಜೀವಕ್ಕೋ ಅಂಗಕ್ಕೋ ಆರೋಗ್ಯಕ್ಕೋ ಅಪಾಯವಿರಲೇಬೇಕು ಎಂಬ ಅಲ್ಲಿಯ ಕಟ್ಟುನಿಟ್ಟು ನಮ್ಮ ಕಾಯ್ದೆಯ ಪದಗಳಲ್ಲಿಲ್ಲ. ನ್ಯಾಯಾಲಯದ ಮುಂದೆ ನಿಂತಿರುವುದು ಆದರ್ಶ ಪತಿಯೂ ಅಲ್ಲ, ಆದರ್ಶ ಪತ್ನಿಯೂ ಅಲ್ಲ, ಅಂಥವರು ಇದ್ದಾರೆಂದು ಇಟ್ಟುಕೊಂಡರೂ. ಮುಂದಿರುವ ಈ ಗಂಡಸು ಮತ್ತು ಈ ಹೆಂಗಸಿನ ಸಂಬಂಧವನ್ನಷ್ಟೇ ತೂಗಬೇಕು ಎಂಬುದು ಚಂದ್ರಚೂಡರ ನಿಲುವು. ದಾಂಪತ್ಯದಲ್ಲಿ ಸವೆತ ಸಹಜ, ಕ್ಷುಲ್ಲಕ ಜಗಳಗಳನ್ನು ಕ್ರೌರ್ಯವೆಂದು ಎಣಿಸಬಾರದು ಎಂಬ ಮಿತಿಯನ್ನೂ ಅವರೇ ಹಾಕಿದರು.

ಈ ಅಳತೆಯಲ್ಲಿ ತೂಗಿದಾಗ ದಾಖಲೆಯಿಂದ ಎದ್ದು ಬಂದ ಚಿತ್ರ ಕ್ಷುಲ್ಲಕವಾಗಿರಲಿಲ್ಲ. ಗಂಡ ಕಚೇರಿಯಿಂದ ಬರುವ ಹೊತ್ತಿಗೆ ಮನೆಗೆ ಬೀಗ ಹಾಕಿ ಹೊರಗೆ ನಿಲ್ಲಿಸಿದ್ದು, ಒಮ್ಮೆ ಮಾಂಗಲ್ಯವನ್ನು ಕಿತ್ತುಹಾಕಿದ್ದು, ಎಳೆಮಗುವಿನ ನಾಲಿಗೆಗೆ ಮೆಣಸಿನಪುಡಿ ಸವರಿದ್ದು, ಜ್ವರದಿಂದ ನರಳುತ್ತಿದ್ದ ಮಗಳನ್ನು ಹೊಡೆದದ್ದು, ರಾತ್ರಿ ದೀಪ ಹಚ್ಚಿಕೊಂಡು ಗಂಡನ ಹಾಸಿಗೆಯ ಪಕ್ಕ ಕುಳಿತು ಕಾಡಿದ್ದು ಇವೆಲ್ಲ ಅದರಲ್ಲಿದ್ದವು. ಆತ್ಮಹತ್ಯೆ ಮಾಡಿಕೊಳ್ಳುತ್ತೇನೆ, ಮನೆಗೆ ಬೆಂಕಿ ಇಡುತ್ತೇನೆ, ನಿನ್ನ ನೌಕರಿ ಕಳೆಯುತ್ತೇನೆ, ಪತ್ರಿಕೆಗಳಲ್ಲಿ ಬರುವಂತೆ ಮಾಡುತ್ತೇನೆ ಎಂಬ ಬೆದರಿಕೆಗಳೂ, ಅತ್ತೆಮಾವಂದಿರ ಮೇಲಿನ ಎಡೆಬಿಡದ ಬೈಗುಳವೂ ಸೇರಿ ನ್ಯಾಯಾಲಯದ ದೃಷ್ಟಿಯಲ್ಲಿ ಕ್ರೌರ್ಯವಾದವು. ಇದಕ್ಕೆ ಆಧಾರ ಗಂಡನ ಬಾಯಿಮಾತು ಮಾತ್ರವಾಗಿರಲಿಲ್ಲ. 1960ರ ಜೂನ್ 23ರಂದು ಹೆಂಡತಿ ತನ್ನ ಕೈಯಾರೆ ಬರೆದ ಒಂದು ಟಿಪ್ಪಣಿ ದಾಖಲೆಯಲ್ಲಿತ್ತು. ಗಂಡನದು ಭಿಕಾರಿ ಹಣೆಬರಹವೆಂದು ಹಳಿದದ್ದು, ಈ ಮನೆಯಲ್ಲಿ ಉಂಡ ಅನ್ನ ಅರಗುವ ಬದಲು ಹೊಟ್ಟೆಯಲ್ಲಿ ಹುಳವಾಗುತ್ತದೆ ಎಂದದ್ದು, ಕೊಲೆಗೆ ಕೊಲೆಯಿಂದಲೇ ಸೇಡು ತೀರುತ್ತದೆ ಎಂದು ಬೆದರಿಸಿದ್ದು ಎಲ್ಲವನ್ನೂ ಅವಳೇ ಅದರಲ್ಲಿ ಒಪ್ಪಿಕೊಂಡಿದ್ದಳು. ಹೆಂಡತಿಯಿಂದ ಇಂಥ ತಪ್ಪೊಪ್ಪಿಗೆಯ ಬರಹ ಪಡೆದು ಜೋಪಾನವಾಗಿಟ್ಟ ಮನೆಯ ವಾತಾವರಣ ಎಂಥದ್ದಿತ್ತೆಂದು ಯೋಚಿಸಿದರೆ, ಈ ದಾಂಪತ್ಯದಲ್ಲಿ ಭಯ ಒಂದೇ ಕಡೆಗಿರಲಿಲ್ಲ ಎಂದು ನನಗೆ ತೋರುತ್ತದೆ. ಆದರೆ ದಾಖಲೆ ದಾಖಲೆಯೇ; ನ್ಯಾಯಾಲಯ ಅದನ್ನು ನಂಬಿತು, ಕ್ರೌರ್ಯ ಸಾಬೀತಾಗಿದೆ ಎಂದಿತು.

ವಾದದಲ್ಲಿ ಉಲ್ಲೇಖವಾಗುವ ತೀರ್ಪು ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. ನಿಜವಾದ ತೀರ್ಪು ಇಲ್ಲಿಂದ ಮುಂದೆ ಇನ್ನೊಂದು ಪ್ರಶ್ನೆ ಹಾಕಿಕೊಂಡಿತು. ಕಾಯ್ದೆಯ 23(1)(ಬಿ) ಉಪಕಲಮಿನ ಪ್ರಕಾರ, ಅರ್ಜಿಯ ಆಧಾರ ಕ್ರೌರ್ಯವಾಗಿದ್ದಲ್ಲಿ, ಅರ್ಜಿದಾರ ಆ ಕ್ರೌರ್ಯವನ್ನು ಯಾವುದೇ ರೀತಿಯಲ್ಲಿ ಮನ್ನಿಸಿಲ್ಲ ಎಂಬುದು ಮನವರಿಕೆಯಾದರೆ ಮಾತ್ರ ನ್ಯಾಯಾಲಯ ಡಿಕ್ರಿ ಕೊಡಬಹುದು. ಎದುರುಪಕ್ಷ ಹಾಜರಾಗದಿದ್ದರೂ, ಅದನ್ನು ತನ್ನ ಲಿಖಿತ ಹೇಳಿಕೆಯಲ್ಲಿ ಎತ್ತದಿದ್ದರೂ ಈ ಕರ್ತವ್ಯ ನ್ಯಾಯಾಲಯದ ಮೇಲಿದೆ. ಈ ಪ್ರಕರಣದಲ್ಲಿ ಹೆಂಡತಿ ಅಂಥ ವಾದವನ್ನೇ ಹೂಡಿರಲಿಲ್ಲ. ಆದರೂ ನ್ಯಾಯಾಲಯ ತಾನಾಗಿ ಅದನ್ನು ಪರಿಶೀಲಿಸಿತು. ವಕೀಲರು ಕಂಡೊನೇಷನ್ ಎಂದೇ ಕರೆಯುವ ಈ ಮನ್ನಿಕೆಗೆ ಎರಡು ಅಂಗಗಳಿವೆ. ತಪ್ಪನ್ನು ಕ್ಷಮಿಸುವುದು ಒಂದು. ತಪ್ಪು ಮಾಡಿದವರನ್ನು ದಾಂಪತ್ಯದಲ್ಲಿ ಮೊದಲಿನ ಸ್ಥಾನದಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಮನಸ್ಸಿನೊಳಗಿನ ಕ್ಷಮೆಗೆ ಪ್ರತ್ಯಕ್ಷ ಸಾಕ್ಷಿ ಇರುವುದಿಲ್ಲವಾದ್ದರಿಂದ ನಡತೆಯಿಂದಲೇ ಅದನ್ನು ಊಹಿಸಬೇಕು.

ಇಲ್ಲಿ ನಡತೆ ಏನು ಹೇಳಿತು? ಟಿಪ್ಪಣಿಯಲ್ಲಿ ದಾಖಲಾದ ಮಾತುಗಳು 1960ರ ಜೂನ್‌ನವು. 1961ರ ಫೆಬ್ರವರಿಯ ಕೊನೆಗೆ ಹೆಂಡತಿ ಮೂರು ತಿಂಗಳ ಗರ್ಭಿಣಿ, ಎಂದರೆ ಆ ಮಾತುಗಳ ನಂತರವೂ ಇಬ್ಬರೂ ಗಂಡಹೆಂಡಿರಾಗಿಯೇ ಬಾಳಿದ್ದರು. ಮೈದುನನ ಮದುವೆಗೂ ಇಬ್ಬರೂ ಬಂದಿದ್ದರು. ಕ್ರೌರ್ಯದ ಸರಣಿಯೇ ನಡೆದ ಮೇಲೂ ಸಹಜವಾದ ದೈಹಿಕ ಸಂಬಂಧ ಮುಂದುವರಿದದ್ದು ಮನ್ನಿಕೆಯ ಬಲವಾದ ಸೂಚನೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಅದರ ಜೊತೆಗೇ, ಹಾಗೆ ಬಾಳಬೇಕಾಗಿ ಬಂದ ಸಂದರ್ಭವೇನು ಎಂದು ಗಂಡ ತನ್ನ ಸಾಕ್ಷ್ಯದಲ್ಲಿ ಎಲ್ಲಿಯೂ ವಿವರಿಸಿಲ್ಲ, ಆದ್ದರಿಂದ ಆ ಊಹೆಗೆ ಎದುರುತ್ತರವೇ ಇಲ್ಲ ಎಂದೂ ಹೇಳಿತು. ನನ್ನ ದೃಷ್ಟಿಯಲ್ಲಿ ಇಡೀ ತೀರ್ಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ, ಎಲ್ಲಕ್ಕಿಂತ ಕಡಿಮೆ ಗಮನಿಸಲಾದ ಮಾತು ಇದು. ಸಂಬಂಧ ಮುಂದುವರಿಯಿತೆಂದ ಮಾತ್ರಕ್ಕೆ ಹಕ್ಕು ತಾನಾಗಿ ಅಳಿದುಹೋಗುತ್ತದೆ ಎಂದು ನ್ಯಾಯಾಲಯ ಹೇಳಲಿಲ್ಲ. ಊಹೆಯೊಂದು ಹುಟ್ಟುತ್ತದೆ, ಅದನ್ನು ಒಡೆಯುವ ವಿವರಣೆ ಕೊಡಬೇಕಾದವನು ಅರ್ಜಿದಾರ, ಈತ ಕೊಡಲಿಲ್ಲ ಎಂದಿತು.

ಮನ್ನಿಕೆಯಿಂದ ಎಲ್ಲವೂ ಮುಗಿಯಿತೆಂದೂ ಅಲ್ಲ. ಸಂವಿಧಾನದ 72ನೇ ಅನುಚ್ಛೇದದಡಿ ರಾಷ್ಟ್ರಪತಿ ಕೊಡುವ ಕ್ಷಮಾದಾನದಂತೆ ಇದು ಅಪರಾಧವನ್ನು ಶಾಶ್ವತವಾಗಿ ತೊಳೆಯುವಂಥದ್ದಲ್ಲ ಎಂದು ಚಂದ್ರಚೂಡ್ ಬರೆದರು. ಇನ್ನು ಮುಂದೆ ಹೀಗಾಗದು ಎಂಬ ಹೇಳದ ಷರತ್ತಿನ ಮೇಲೆಯೇ ಮನ್ನಿಕೆ ನಿಂತಿರುತ್ತದೆ. ಮತ್ತೆ ತಪ್ಪು ನಡೆದರೆ ಹಳೆಯದೂ ಜೀವ ತಳೆಯುತ್ತದೆ. ಹೊಸ ತಪ್ಪು ಹಳೆಯದರ ಜಾತಿಯದೇ ಆಗಿರಬೇಕಿಲ್ಲ, ಆದರೆ ಸಾಕಷ್ಟು ಗಂಭೀರವಾಗಿರಬೇಕು. ಹಾಗಾದರೆ 1961ರ ಫೆಬ್ರವರಿಯ ನಂತರ ಹೆಂಡತಿ ಏನು ಮಾಡಿದಳು? ಸಚಿವಾಲಯಕ್ಕೆ ದೂರು ಬರೆದಳು, ಪೊಲೀಸರ ಮುಂದೆ ಹೇಳಿಕೆ ಕೊಟ್ಟಳು. ಮನೆಯಿಂದ ಹೊರಗಿದ್ದ, ಗರ್ಭಿಣಿಯಾಗಿದ್ದ, ತನಗೂ ಮಕ್ಕಳಿಗೂ ಜೀವನಾಂಶ ಬೇಕಾಗಿದ್ದ ಹೆಂಗಸು ಬರೆದ ಅಂಥ ದೂರನ್ನು ಹಳೆಯ ಕ್ರೌರ್ಯಕ್ಕೆ ಮರುಜೀವ ಕೊಡುವಷ್ಟು ಗಂಭೀರವೆಂದು ನ್ಯಾಯಾಲಯ ಎಣಿಸಲಿಲ್ಲ. ಹೀಗೆ ಮೇಲ್ಮನವಿ ವಜಾ ಆಯಿತು. ಬೇರೆಯಾಗಿ ಹದಿನಾಲ್ಕು ವರ್ಷವಾಗಿದ್ದ ಆ ಇಬ್ಬರು ಕಾನೂನಿನ ಕಣ್ಣಿನಲ್ಲಿ ಅಂದಿಗೂ ಗಂಡಹೆಂಡಿರಾಗಿಯೇ ಉಳಿದರು.

ಈ ತರ್ಕವನ್ನು ಒಪ್ಪಬೇಕೇ? ಮುಂದಿದ್ದ ದಂಪತಿಯ ಮಟ್ಟಿಗೆ ಅದು ನ್ಯಾಯವಾಗಿಯೇ ಇತ್ತೆಂದು ನನಗನ್ನಿಸುತ್ತದೆ. ವಿದ್ಯಾವಂತ, ನೌಕರಿಯಲ್ಲಿದ್ದ, ಬೇರೆ ಮನೆ ಮಾಡುವ ಶಕ್ತಿಯಿದ್ದ ಗಂಡಸು ಅವನು. ಹೆಂಡತಿಯ ನಡತೆ ನಿಜಕ್ಕೂ ಸಹಿಸಲಾಗದಷ್ಟಿದ್ದರೆ ಅವನ ಮುಂದೆ ದಾರಿಗಳಿದ್ದವು. ತೊಂದರೆ ಇರುವುದು ಇದೇ ತರ್ಕವನ್ನು ಹೆಂಡತಿಯೇ ಅರ್ಜಿದಾರಳಾದ ಪ್ರಕರಣಕ್ಕೆ ಯಥಾವತ್ತಾಗಿ ಅಂಟಿಸಿದಾಗ. ತವರಿಗೆ ಹೋದರೆ ಊರು ಆಡಿಕೊಳ್ಳುತ್ತದೆಂಬ ಅಂಜಿಕೆ, ಕೈಯಲ್ಲಿ ಸ್ವಂತ ದುಡಿಮೆ ಇಲ್ಲದಿರುವುದು, ಮಕ್ಕಳ ಶಾಲೆ, ಹಿರಿಯರು ಕೂತು ಮಾಡಿಸಿದ ರಾಜಿ ಇವುಗಳ ಒತ್ತಡದಲ್ಲಿ ಅದೇ ಮನೆಗೆ, ಅದೇ ಕೋಣೆಗೆ ಮರಳಿದವಳ ಬಸಿರನ್ನು ಕ್ಷಮೆಯ ಪುರಾವೆಯಾಗಿ ಓದುವುದು ಬಾಳನ್ನು ಬಲ್ಲವರು ಮಾಡುವ ಓದಲ್ಲ. ಹಾಸಿಗೆಯಲ್ಲಿ ಅವಳ ಒಪ್ಪಿಗೆಯನ್ನು ಯಾರಾದರೂ ಕೇಳಿದ್ದರೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ದಾಸ್ತಾನೆ ತೀರ್ಪು ಈ ಪ್ರಶ್ನೆಗೆ ಬಾಗಿಲು ಮುಚ್ಚಿಲ್ಲ, ಸಂದರ್ಭದ ವಿವರಣೆಗೆ ಅವಕಾಶ ಇಟ್ಟೇ ಇದೆ. ಆದರೆ ಆ ಅವಕಾಶವನ್ನು ಬಳಸಿಕೊಳ್ಳಬೇಕಾದದ್ದು ಅರ್ಜಿಯನ್ನು ಬರೆಯುವ ಹೊತ್ತಿನಲ್ಲಿ. ಪಾಟೀಸವಾಲಿನಲ್ಲಿ ‘ಆ ಗಲಾಟೆಯಾದ ಮೇಲೂ ನೀವು ಒಟ್ಟಿಗೇ ಇದ್ದಿರಿ, ಎರಡನೇ ಮಗು ಹುಟ್ಟಿದ್ದು ಅದಾದ ಮೇಲೆಯೇ ಎಂದರೆ ಸರಿಯೇ?’ ಎಂದು ಎದುರು ವಕೀಲರು ಕೇಳುತ್ತಾರೆ. ‘ಸರಿ’ ಎಂಬ ಒಂದು ಪದದ ಉತ್ತರ ದಾಖಲಾಗುತ್ತದೆ. ಏಕೆ ಒಟ್ಟಿಗಿದ್ದೆ ಎಂಬುದು ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ ಮೊದಲೇ ಬಂದಿರದಿದ್ದರೆ ಆ ಒಂದು ಪದ ಪೂರ್ತಿ ಪ್ರಕರಣಕ್ಕೆ ಭಾರವಾಗಬಹುದು.

ತೀರ್ಪು ಬಂದ ಮರುವರ್ಷವೇ ಕಾಯ್ದೆ ಬದಲಾಯಿತು. 1976ರ ಮೇ 27ರಂದು ಜಾರಿಗೆ ಬಂದ ವಿವಾಹ ಕಾಯ್ದೆಗಳ ತಿದ್ದುಪಡಿ ಅಧಿನಿಯಮ 13(1)(ಐಎ) ಉಪಕಲಮನ್ನು ಸೇರಿಸಿ ಕ್ರೌರ್ಯವನ್ನು ನೇರವಾಗಿ ವಿಚ್ಛೇದನಕ್ಕೇ ಕಾರಣವನ್ನಾಗಿಸಿತು. ‘ಸಕಾರಣವಾದ ಭೀತಿ’ಯ ಪದಗಳೂ ಹೊರಟುಹೋದವು, ಮದುವೆಯ ನಂತರ ಅರ್ಜಿದಾರರನ್ನು ಕ್ರೌರ್ಯದಿಂದ ನಡೆಸಿಕೊಂಡಿರಬೇಕು ಎಂಬಷ್ಟೇ ಉಳಿಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂದದ್ದೂ ಇದೇ ತಿದ್ದುಪಡಿಯಲ್ಲಿ. ಮುಂದೆ ಸುಪ್ರೀಂ ಕೋರ್ಟ್ ಕ್ರೌರ್ಯದ ವ್ಯಾಪ್ತಿಯನ್ನು ಹಂತಹಂತವಾಗಿ ಹಿಗ್ಗಿಸಿತು. 1987ರಲ್ಲಿ, ವರದಕ್ಷಿಣೆಗಾಗಿ ಪೀಡಿಸುವುದು ಕ್ರೌರ್ಯವೆಂದೂ ಹಾನಿ ಮಾಡುವ ಉದ್ದೇಶ ಸಾಬೀತಾಗಲೇಬೇಕೆಂದಿಲ್ಲವೆಂದೂ ಹೇಳಿತು. 1993ರಲ್ಲಿ, ಕೋರ್ಟಿನ ಕಾಗದಪತ್ರಗಳಲ್ಲೇ ಸಂಗಾತಿಯ ಮೇಲೆ ಹೊರಿಸುವ ಆಧಾರವಿಲ್ಲದ ಆರೋಪವೂ ಮಾನಸಿಕ ಕ್ರೌರ್ಯವಾಗಬಹುದೆಂದಿತು. 2007ರ ಮಾರ್ಚ್ 26ರ ತೀರ್ಪಿನಲ್ಲಿ ಮಾನಸಿಕ ಕ್ರೌರ್ಯದ ನಿದರ್ಶನಗಳ ಉದ್ದನೆಯ ಪಟ್ಟಿಯನ್ನೇ ಕೊಟ್ಟು, ಅದು ಪೂರ್ಣವಲ್ಲವೆಂದೂ ಎಚ್ಚರಿಸಿತು. ಆದರೆ ಈ ಹಿಗ್ಗುವಿಕೆಯ ಯಾವ ಹಂತದಲ್ಲೂ 23(1)(ಬಿ) ಉಪಕಲಮನ್ನು ಯಾರೂ ತೆಗೆಯಲಿಲ್ಲ. 1962ರಲ್ಲಿ ಪುಣೆಯ ಗಂಡನಿಗೆ ಎದುರಾದ ಅದೇ ಕಟ್ಟಳೆ ಇಂದಿನ ಕ್ರೌರ್ಯದ ಅರ್ಜಿಗೂ ಅನ್ವಯಿಸುತ್ತದೆ.

ಕರ್ನಾಟಕದಿಂದ ಹೋದ ಒಂದು ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1992ರಲ್ಲಿ ಮದುವೆಯಾದ ದಂಪತಿಯ ವ್ಯಾಜ್ಯದಲ್ಲಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ 2001ರಲ್ಲಿ ಗಂಡನಿಗೆ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೊಟ್ಟಿತ್ತು. ಹೈಕೋರ್ಟ್ 2006ರಲ್ಲಿ ಅದನ್ನು ರದ್ದು ಮಾಡಿತು. 2016ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅನಿಲ್ ಆರ್. ದವೆ ಮತ್ತು ಎಲ್. ನಾಗೇಶ್ವರ ರಾವ್ ಕೌಟುಂಬಿಕ ನ್ಯಾಯಾಲಯದ ವಿಚ್ಛೇದನದ ಡಿಕ್ರಿಯನ್ನು ಮತ್ತೆ ಎತ್ತಿಹಿಡಿದರು. ಹೆಂಡತಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಸೀಮೆಎಣ್ಣೆ ಸುರಿದುಕೊಂಡು ಬೆಂಕಿ ಹಚ್ಚಿಕೊಳ್ಳಲು ಯತ್ನಿಸಿದ್ದು, ಮನೆಯಲ್ಲಿ ಕೆಲಸಕ್ಕೇ ಇರದ ಹೆಂಗಸೊಬ್ಬಳೊಂದಿಗೆ ಗಂಡನಿಗೆ ಸಂಬಂಧ ಕಟ್ಟಿ ಆರೋಪಿಸಿದ್ದು, ತಂದೆತಾಯಿಯನ್ನು ಬಿಟ್ಟು ಬೇರೆ ಮನೆ ಮಾಡುವಂತೆ ಪಟ್ಟುಹಿಡಿದದ್ದು ಕ್ರೌರ್ಯವೆಂದು ತೀರ್ಮಾನವಾಯಿತು. ಮಗ ತಂದೆತಾಯಿಯಿಂದ ಬೇರೆಯಾಗಿ ಬಾಳುವುದು ನಮ್ಮ ಪದ್ಧತಿಯಲ್ಲ ಎಂಬ ಧಾಟಿಯ ಮಾತುಗಳಿಗಾಗಿ ಆ ತೀರ್ಪು ಟೀಕೆಗೆ ಗುರಿಯಾಯಿತು, ಆ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಬೇರೆ ಮನೆ ಮಾಡೋಣ ಎಂದು ಕೇಳುವ ಹೆಂಡತಿಯರೆಲ್ಲ ಕ್ರೂರಿಗಳಾದರೆ ಇಂದಿನ ಬೆಂಗಳೂರಿನಲ್ಲಿ ಉಳಿಯುವವರೆಷ್ಟು ಜನ? ಆದರೆ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಭೇದ ಬೇರೆ ಕಡೆಯಿದೆ. ಆತ್ಮಹತ್ಯೆಯ ಮಾತು ಎರಡೂ ಪ್ರಕರಣಗಳಲ್ಲಿದೆ. ಪುಣೆಯದರಲ್ಲಿ ಬೆದರಿಕೆಯ ನಂತರವೂ ಸಂಸಾರ ಸಾಗಿತು, ಮಗು ಹುಟ್ಟಿತು. ಬೆಂಗಳೂರಿನದರಲ್ಲಿ ಬೆಂಕಿಯ ಘಟನೆ 1995ರ ಜುಲೈನದು. ಅಂತಿಮ ತೀರ್ಪಿನ ಹೊತ್ತಿಗೆ ಇಬ್ಬರೂ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೇರೆ ಬೇರೆ ಇದ್ದರು.

ಆದ್ದರಿಂದಲೇ ಕ್ರೌರ್ಯದ ಅರ್ಜಿ ಸಿದ್ಧಪಡಿಸುವಾಗ ಘಟನೆಗಳ ತಾರೀಖುಗಳಷ್ಟೇ ಅವುಗಳ ನಡುವಿನ ದಿನಗಳ ಲೆಕ್ಕವೂ ಮುಖ್ಯವಾಗುತ್ತದೆ. ಯಾವ ಘಟನೆಯ ನಂತರ ಯಾರು ಮನೆ ಬಿಟ್ಟರು, ಯಾರ ಮಾತಿನ ಮೇಲೆ ಮರಳಿದರು, ಏನು ಭರವಸೆ ಕೊಡಲಾಗಿತ್ತು, ಅದು ಎಷ್ಟು ದಿನ ಉಳಿಯಿತು, ಮುರಿದದ್ದು ಹೇಗೆ, ಕೊನೆಯದಾಗಿ ಒಟ್ಟಿಗೆ ಬಾಳಿದ್ದು ಎಂದಿನವರೆಗೆ ಇವಿಷ್ಟೂ ಅರ್ಜಿಯ ಒಕ್ಕಣೆಯಲ್ಲೇ ಬರಬೇಕು. ರಾಜಿಯ ಬಳಿಕ ನಡೆದ ಹೊಸ ಕ್ರೌರ್ಯವಿದ್ದರೆ ಅದನ್ನು ಹಳೆಯದರ ಬಾಲದಂತೆ ಒಂದು ಸಾಲಿನಲ್ಲಿ ಸೇರಿಸದೆ ಪ್ರತ್ಯೇಕ ಪ್ಯಾರಾದಲ್ಲಿ ವಿವರಿಸಬೇಕು, ಏಕೆಂದರೆ ಮನ್ನಿಸಿದ್ದೆಲ್ಲಕ್ಕೂ ಮರುಜೀವ ಕೊಡುವುದು ಅದೇ.